ಗೃಹಸ್ಥನ ಟಿಪ್ಪಣಿ: ಮರಳಿ ಬಂದ ಮಾತಿನ ರಕ್ಷಣೆ



ಮಾತೆಂಬುದು ಹುಟ್ಟಿನೊಡನೆ ಬಂದ ಸೊತ್ತಾದುದರಿಂದ, ಅದಕ್ಕೂ ಒಂದು ಯಂತ್ರವುಂಟು, ಆ ಯಂತ್ರವೂ ಕೆಡಬಹುದು ಎಂಬ ಯೋಚನೆ ನಮಗೆ ಸಾಮಾನ್ಯವಾಗಿ ಬರುವುದಿಲ್ಲ. ಗಂಟಲಿನ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡು, ಶಸ್ತ್ರವೈದ್ಯರ ನೆರವಿನಿಂದ ಒಂದು ಪುಟ್ಟ ಕೊಳವೆಯ ಮೂಲಕ ಮತ್ತೆ ಮಾತನಾಡಲು ಕಲಿತವರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಅಂಥವರಿರುವ ಮನೆಯವರು ತಿಳಿದಿರಲೇಬೇಕಾದ ಕೆಲವು ಸಂಗತಿಗಳನ್ನು ಈ ತಿಂಗಳ ಟಿಪ್ಪಣಿಯಲ್ಲಿ ಬರೆಯಬೇಕೆಂದಿದ್ದೇನೆ. ನಾನು ವೈದ್ಯನಲ್ಲ. ಬೇಲೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ನಡೆದ ಎರಡು ಪ್ರಸಂಗಗಳು ನನಗೆ ಇದನ್ನು ಕಲಿಸಿದುವು. ಒಂದರಲ್ಲಿ ನಮ್ಮ ಅಜ್ಞಾನದಿಂದ ಪ್ರಾಣಕ್ಕೇ ಸಂಚಕಾರ ಬರುವಂತಾಗಿತ್ತು. ಮತ್ತೊಂದರಲ್ಲಿ ಮನೆಯ ಸೊಸೆಯ ತಿಳಿವಳಿಕೆಯಿಂದ ಮಾತು ಉಳಿಯಿತು.

ಮೊದಲನೆಯ ಪ್ರಸಂಗ

ನಮ್ಮ ಭಾವನವರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಮನೆಗೆ ನೆಂಟರು ಬಂದರೆಂದರೆ ಅವರನ್ನು ಚೆನ್ನಕೇಶವ ದೇವಾಲಯಕ್ಕೆ ಕರೆದೊಯ್ದು, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದುದು ಮೊದಲುಗೊಂಡು ಒಂದೊಂದು ಮದನಿಕೆಯ ನಿಲುವಿನವರೆಗೆ ವಿವರಿಸಿದ ಹೊರತು ಅವರಿಗೆ ಊಟದ ನೆನಪು ಬರುತ್ತಿರಲಿಲ್ಲ. ಅಂಥವರ ಧ್ವನಿ ಕೆಲವು ವರ್ಷಗಳ ಹಿಂದೆ ಗೊಗ್ಗರಾಯಿತು. ಬೀಡಿಯ ಅಭ್ಯಾಸವಿತ್ತು, “ತಂಡಿ ಹಿಡಿದಿದೆ, ಹೋಗುತ್ತದೆ” ಎಂದು ತಿಂಗಳುಗಳನ್ನು ದೂಡಿದರು. ಮೂರು ವಾರಕ್ಕೂ ಮೀರಿ ಧ್ವನಿ ಒಡೆದಿದ್ದರೆ ಗಂಟಲಿನ ವೈದ್ಯರಿಗೆ ತೋರಿಸತಕ್ಕದ್ದೆಂಬ ನಿಯಮ ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆಯಬೇಕಾಯಿತು. ಆಮೇಲೆ ಒಂದು ಧ್ವನಿಕೊಳವೆಯನ್ನು ಇಟ್ಟರು. ಕತ್ತಿನ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಭಾವನವರು ಮೊದಲು ಅಕ್ಕನ ಹೆಸರನ್ನು ಕರೆದಾಗ, ನಲವತ್ತು ವರ್ಷದ ಸಂಸಾರದಲ್ಲಿ ಎಂದೂ ಹೆಸರು ಹಿಡಿದು ಕರೆಯದವರು ಈಗ ಕರೆದರಲ್ಲಾ ಎಂದು ಅವಳು ಅತ್ತಳು, ನಕ್ಕಳು.

ಒಂದು ವರ್ಷ ಸುಖವಾಗಿ ಕಳೆಯಿತು. ಆಮೇಲೆ ನೀರು ಕುಡಿದಾಗಲೆಲ್ಲ ಭಾವನವರಿಗೆ ಕೆಮ್ಮು ಬರತೊಡಗಿತು. ಮಾಗಿಯ ಕಾಲ, ಅಕ್ಕ ಅದನ್ನು ಶೀತವೆಂದೇ ಬಗೆದು ಮೆಣಸಿನ ಕಷಾಯ ಮಾಡಿಕೊಟ್ಟಳು. ಕಷಾಯ ಕುಡಿದರೆ ಕೆಮ್ಮು ಇನ್ನಷ್ಟಾಯಿತು. ಕೆಮ್ಮಿಗೆ ಹೆದರಿ ಭಾವನವರು ನೀರನ್ನೇ ಕಡಿಮೆ ಮಾಡಿದರು. ಹೀಗೆ ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಚಳಿಜ್ವರ ಬಂದು ಏದುಸಿರು ಹತ್ತಿತು. ಒಂದು ಆಸ್ಪತ್ರೆಗೆ ಒಯ್ದರು. ಅಲ್ಲಿ ಅವಸರದಲ್ಲಿ ಆಮ್ಲಜನಕದ ಮುಸುಕನ್ನು ಬಾಯಿ ಮೂಗುಗಳ ಮೇಲೆ ಕಟ್ಟಿದರು. ಭಾವನವರಿಗೆ ಹೇಳಲು ಬಾಯಿಲ್ಲ. ಕೈಯಿಂದ ಕತ್ತನ್ನು ತೋರಿಸಿದರೆ, ಸಂಕಟದಿಂದ ಒದ್ದಾಡುತ್ತಾರೆಂದು ಕೈಯನ್ನೇ ಹಿಡಿದರು. ಇಂಥ ರೋಗಿಯನ್ನು ಹಿಂದೆ ನೋಡಿದ್ದ ದಾದಿಯೊಬ್ಬರು ಓಡಿಬಂದು ಮುಸುಕನ್ನು ಕತ್ತಿನ ರಂಧ್ರಕ್ಕೆ ಸರಿಸಿದ ಮೇಲೆ ಜೀವ ನಿಂತಿತು. ಶ್ವಾಸಕೋಶದಲ್ಲಿ ನ್ಯುಮೋನಿಯಾ, ಕಾರಣ, ಮೂರು ವಾರದಿಂದ ಕುಡಿದ ನೀರು, ಕಾಫಿ, ಕಷಾಯಗಳೆಲ್ಲ ತೊಟ್ಟುತೊಟ್ಟಾಗಿ ಉಸಿರಿನ ದಾರಿಗೆ ಇಳಿದುದು. ಔಷಧವೆಂದು ನಾವು ಕೊಟ್ಟುದೇ ರೋಗವನ್ನು ಹೆಚ್ಚಿಸುತ್ತಿದ್ದಿತು.

ಒಳಗೆ ಇರುವ ಏರ್ಪಾಡು

ಇದು ಹೇಗಾಯಿತೆಂಬುದು ತಿಳಿಯಬೇಕಾದರೆ ಒಳಗಿನ ಏರ್ಪಾಡನ್ನು ತಿಳಿಯಬೇಕು. ನಮಗೆಲ್ಲ ಗಾಳಿಯ ದಾರಿಯೂ ಅನ್ನದ ದಾರಿಯೂ ಗಂಟಲಿನಲ್ಲಿ ಕೂಡಿ ಮುಂದೆ ಬೇರೆಯಾಗುತ್ತವೆ. ಬೇರೆಯಾಗುವ ಕಡೆ ಧ್ವನಿಪೆಟ್ಟಿಗೆಯು ಕಾವಲಿರುವುದು. ಅದನ್ನು ಪೂರ್ತಿಯಾಗಿ ತೆಗೆದಾಗ ಶ್ವಾಸನಾಳದ ಮೇಲ್ತುದಿಯನ್ನು ಕತ್ತಿನ ಬುಡದಲ್ಲಿ ಚರ್ಮಕ್ಕೆ ಸೇರಿಸಿ ಹೊಲಿಯುತ್ತಾರೆ. ಅಂದಿನಿಂದ ಉಸಿರಾಟವೆಲ್ಲ ಆ ರಂಧ್ರದಿಂದಲೇ. ಬಾಯಿ ಮೂಗುಗಳಿಗೂ ಶ್ವಾಸಕೋಶಕ್ಕೂ ಸಂಬಂಧವೇ ಉಳಿಯದು.

ಇನ್ನು ಮಾತಿನ ವಿಚಾರ. ಶ್ವಾಸನಾಳವೂ ಅದರ ಹಿಂದಿರುವ ಅನ್ನನಾಳವೂ ಒಂದಕ್ಕೊಂದು ಅಂಟಿಕೊಂಡಿರುವುವು. ಇವೆರಡರ ನಡುವಣ ಗೋಡೆಯಲ್ಲಿ ಒಂದು ಸಣ್ಣ ತೂತು ಮಾಡಿ, ಅದರಲ್ಲಿ ಸಿಲಿಕೋನ್ ರಬ್ಬರಿನ ಚಿಕ್ಕ ಕೊಳವೆಯೊಂದನ್ನು ಕೂರಿಸುತ್ತಾರೆ. ಕೊಳವೆಯ ಎರಡು ತುದಿಗಳಲ್ಲಿಯೂ ಗುಂಡಿಯ ಅಂಚಿನಂಥ ಅಂಚು, ಒಳಗೆ ಒಂದೇ ಕಡೆಗೆ ತೆರೆಯುವ ಕವಾಟ. ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿಯು ಕವಾಟವನ್ನು ದೂಡಿಕೊಂಡು ಅನ್ನನಾಳಕ್ಕೆ ನುಗ್ಗುವುದು. ಅಲ್ಲಿಯ ಗೋಡೆಗಳು ಕಂಪಿಸಿ ನಾದವಾಗುವುದು. ನಾಲಗೆ ತುಟಿಗಳು ಅದನ್ನು ಮಾತಾಗಿ ಮಾಡುವುವು. ನುಂಗುವಾಗ ಕವಾಟವು ಮುಚ್ಚಿಕೊಂಡು ಅನ್ನಪಾನಗಳನ್ನು ಶ್ವಾಸನಾಳಕ್ಕೆ ಬಿಡದು. ಇಷ್ಟೇ ಇದರ ಮರ್ಮ. ಕೊಳವೆಯು ಒಂದು ಸಣ್ಣ ಬಾಗಿಲು. ಆ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಮಾತಿಗಿಂತ ಮೊದಲು ಪ್ರಾಣಕ್ಕೆ ಅಪಾಯ.

ಈ ವಿದ್ಯೆಯು ಒಂದು ದಿನದಲ್ಲಿ ಬಂದುದಲ್ಲ. 1873ರ ಡಿಸೆಂಬರಿನಲ್ಲಿ ವಿಯೆನ್ನಾ ನಗರದ ಬಿಲ್‌ರೋತ್ ಎಂಬ ಶಸ್ತ್ರವೈದ್ಯನು ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದನು. ಅವನ ಶಿಷ್ಯ ಗುಸೆನ್‌ಬವರನು ಆ ರೋಗಿಗಾಗಿ ಒಂದು ಕೃತಕ ಧ್ವನಿಯಂತ್ರವನ್ನು ಮಾಡಿ 1874ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಈಗ ರೂಢಿಯಲ್ಲಿರುವ ಕವಾಟದ ಕ್ರಮವು ಅಮೆರಿಕದ ಸಿಂಗರ್ ಎಂಬ ಶಸ್ತ್ರವೈದ್ಯರೂ ಬ್ಲೋಮ್ ಎಂಬ ವಾಕ್‌ಚಿಕಿತ್ಸಕರೂ ಸೇರಿ 1980ರಲ್ಲಿ ಪ್ರಕಟಿಸಿದ ಕ್ರಮದಿಂದ ಬೆಳೆದುದು.

ಸೋರಿಕೆ ಎರಡು ಬಗೆ

ಕುಡಿದೊಡನೆ ಕೆಮ್ಮು ಬಂದರೆ ಅದನ್ನು ಶೀತವೆಂದು ತಿಳಿಯತಕ್ಕದ್ದಲ್ಲ. ಸೋರಿಕೆಯೆಂದೇ ಮೊದಲು ಸಂಶಯಪಡತಕ್ಕದ್ದು. ಸೋರಿಕೆ ಎಲ್ಲಿಂದ ಎಂಬುದನ್ನು ಮನೆಯಲ್ಲಿಯೇ ನೋಡಬಹುದು. ರೋಗಿಯನ್ನು ಬೆಳಕಿಗೆ ಎದುರಾಗಿ ಕೂರಿಸಿ, ಒಂದು ಕೈದೀಪ ಹಿಡಿದು, ಬಣ್ಣವುಳ್ಳ ಪಾನೀಯವನ್ನು, ಆರಿದ ಕಾಫಿಯಾದರೂ ಆದೀತು, ಒಂದೇ ಗುಟುಕು ಕುಡಿಯಹೇಳಿ ಕೊಳವೆಯ ಮುಖವನ್ನು ದೃಷ್ಟಿಸಿ ನೋಡಬೇಕು. ಬಣ್ಣದ ಹನಿ ಕೊಳವೆಯ ನಡುವಿನಿಂದ ಬಂದರೆ ಒಂದು ಬಗೆ. ಅಂಚಿನ ಸುತ್ತಲಿನಿಂದ ಬಂದರೆ ಮತ್ತೊಂದು. ಇವೆರಡಕ್ಕೂ ಕಾರಣ ಬೇರೆ, ಉಪಾಯ ಬೇರೆ. ಆದಕಾರಣ ಯಾವುದೆಂದು ಕಂಡು ವೈದ್ಯರಿಗೆ ತಿಳಿಸಿದರೆ ಅವರ ಅರ್ಧ ಕೆಲಸವಾದಂತೆ.

ನಡುವಿನಿಂದ ಸೋರುವುದೇ ಹೆಚ್ಚು ಸಾಮಾನ್ಯ. ಅನ್ನದ ಅಗುಳೋ ಗಟ್ಟಿಯಾದ ಕಫವೋ ಕವಾಟದ ಸಂದಿನಲ್ಲಿ ಸಿಕ್ಕಿಕೊಂಡರೆ ಅದು ಮುಚ್ಚದು. ಕೊಳವೆಗಾಗಿಯೇ ಕೊಡುವ ಸಣ್ಣ ಕುಂಚವನ್ನು ಮೆಲ್ಲನೆ ಒಳಗಿಟ್ಟು, ತಿರುಗಿಸಿ ತೆಗೆದು, ತೊಳೆದು, ಮತ್ತೊಮ್ಮೆ ಹಾಗೆಯೇ ಮಾಡಿ, ಪುನಃ ಒಂದು ಗುಟುಕು ಕುಡಿದು ನೋಡಬೇಕು. ಅನೇಕ ವೇಳೆ ಇಷ್ಟರಿಂದಲೇ ಸೋರಿಕೆ ನಿಲ್ಲುವುದು. ನಿಲ್ಲದಿದ್ದರೆ ಕವಾಟವೇ ಕೆಟ್ಟಿದೆಯೆಂದು ತಿಳಿದು ಕೊಳವೆಯನ್ನು ಬದಲಾಯಿಸಿಕೊಳ್ಳಬೇಕು. ಈ ಕೊಳವೆ ಶಾಶ್ವತವಾದುದಲ್ಲ. ಕೆಲವರಿಗೆ ಕೆಲವೇ ವಾರ, ಅನೇಕರಿಗೆ ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬರುವುದು. ಸವೆದ ಪಾದರಕ್ಷೆಯನ್ನು ಬದಲಾಯಿಸುವಂತೆ ಇದನ್ನೂ ಬದಲಾಯಿಸುವುದು ವಾಡಿಕೆಯೇ ಹೊರತು, ರೋಗ ಮರಳಿತೆಂದು ಹೆದರತಕ್ಕದ್ದಿಲ್ಲ.

ವೈದ್ಯರ ಬಳಿಗೆ ಹೋಗುವವರೆಗೆ ನೀರಿಗಿಂತ ಗಂಜಿ, ಅಂಬಲಿಗಳಂಥ ಮಂದವಾದ ಪಾನೀಯಗಳು ಕಡಿಮೆ ಸೋರುವುವು. ಊಟದ ವೇಳೆಗೆ ಕೊಳವೆಯ ಬಾಯಿಗೆ ಇಡುವ ಚಿಕ್ಕ ಬಿರಡೆಯೂ ಉಂಟು. ಅದನ್ನು ಇಟ್ಟಿರುವಷ್ಟು ಹೊತ್ತು ಮಾತು ಬಾರದು. ಅದನ್ನು ವೈದ್ಯರಿಂದ ಮೊದಲೇ ತರಿಸಿಟ್ಟುಕೊಂಡು, ಇಡುವ ಕ್ರಮವನ್ನೂ ಅವರಿಂದಲೇ ಕಲಿಯಬೇಕು. ಕೆಮ್ಮಿನ ಭಯದಿಂದ ನೀರನ್ನು ಪೂರ್ತಿಯಾಗಿ ಬಿಡುವುದು ಮಾತ್ರ ಸರಿಯಲ್ಲ. ಮೈಯ ನೀರು ಆರಿದರೆ ಕಫವು ಗಟ್ಟಿಯಾಗಿ ಉಸಿರಿನ ದಾರಿಯನ್ನು ಕಟ್ಟುವುದು.

ಅಂಚಿನ ಸುತ್ತ ಸೋರುವುದು ಇದಕ್ಕಿಂತ ಕಠಿನವಾದ ಸಮಸ್ಯೆ. ಶಸ್ತ್ರಚಿಕಿತ್ಸೆಯ ಬಾವು ಇಳಿದ ಮೇಲೆ ಗೋಡೆ ತೆಳ್ಳಗಾಗಿ ಕೊಳವೆಯು ಉದ್ದವಾಗುವುದುಂಟು. ಆಗ ಅದು ಮಾತಿಗೂ ನುಂಗಿಗೂ ಹಿಂದಕ್ಕೆ ಮುಂದಕ್ಕೆ ಜಾರುತ್ತ ತೂತನ್ನು ಹಿಗ್ಗಿಸುವುದು. ಕಿರಣಚಿಕಿತ್ಸೆಯಿಂದ ಬಡವಾದ ಮಾಂಸ, ಹುಳಿತೇಗು, ಮಧುಮೇಹ, ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಪುಷ್ಟಿಯಿಲ್ಲದ ಆಹಾರ, ಇವೂ ತೂತು ಅಗಲವಾಗುವುದಕ್ಕೆ ಸಹಾಯ ಮಾಡುವುವು. ಕೆಲವು ವೇಳೆ ರೋಗವೇ ಮರಳಿರುವುದರ ಗುರುತಾಗಿಯೂ ಹೀಗಾಗಬಹುದಾದುದರಿಂದ ವೈದ್ಯರು ಅದನ್ನೂ ಪರೀಕ್ಷಿಸಿ ನೋಡುತ್ತಾರೆ. ಕೊಳವೆ ಕಡಿಮೆ ಉದ್ದದ್ದಾದರೆ ಸರಿಹೋಗುವುದೇ, ಅಗಲವಾದ ಅಂಚಿನದು ಬೇಕೇ, ಕೆಲವು ದಿನ ತೆಗೆದಿಟ್ಟು ತೂತು ಕುಗ್ಗಲು ಬಿಡಬೇಕೇ, ಮತ್ತೆ ಶಸ್ತ್ರಚಿಕಿತ್ಸೆಯೇ ಬೇಕೇ ಎಂಬುದನ್ನು ಅವರೇ ನಿರ್ಧರಿಸತಕ್ಕವರು. ಇಲ್ಲಿ ಬಿರಡೆಯಿಂದ ಪ್ರಯೋಜನವಿಲ್ಲ. ಮನೆಯವರು ಅಂಚಿನ ಸುತ್ತ ಹತ್ತಿಯನ್ನು ತುರುಕುವುದಂತೂ ಕೂಡದು. ಅದರ ಎಳೆಗಳು ಉಸಿರಿನೊಡನೆ ಒಳಗೆ ಹೋಗುವುವು.

ಎರಡು ಬಗೆಯಲ್ಲಿ ಯಾವುದೇ ಆಗಲಿ, ಸೋರಿಕೆಯೊಡನೆ ಜ್ವರ, ಏದುಸಿರು, ಬಣ್ಣಗೆಟ್ಟ ಕಫ, ಎದೆನೋವು ಕಂಡರೆ ಮರುದಿನಕ್ಕೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಬೂಸು ಮತ್ತು ಮಜ್ಜಿಗೆ

ಕವಾಟವು ಬೇಗನೆ ಕೆಡುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ಬೂಸು. ಬಾಯಿಯಲ್ಲಿ ಸ್ವಭಾವವಾಗಿಯೇ ಇರುವ ಕ್ಯಾಂಡಿಡಾ ಎಂಬ ಸೂಕ್ಷ್ಮ ಜೀವಿಯು ಇತರ ಕ್ರಿಮಿಗಳೊಡನೆ ಸೇರಿ ರಬ್ಬರಿನ ಮೇಲೆ ಬಿಳಿಯ ಪೊರೆಯಾಗಿ ಬೆಳೆಯುವುದು. ಕಲ್ಲಿನ ಮೇಲೆ ಪಾಚಿ ಹತ್ತಿದಂತೆ ಕವಾಟದ ಮೇಲೆ ಇದು ಹತ್ತಿದರೆ ಕವಾಟದ ಅಂಚು ಡೊಂಕಾಗಿ ಮುಚ್ಚದು. ಇದನ್ನು ತಡೆಯಲು ವೈದ್ಯರು ನಿಸ್ಟಾಟಿನ್ ಮೊದಲಾದ ಔಷಧಗಳನ್ನು ಹೇಳುವುದುಂಟು. ಮನೆಯಲ್ಲಿ ಮಾಡತಕ್ಕದ್ದೇನೆಂದರೆ, ಎರಡು ಹೊತ್ತೂ ಬಾಯಿಯನ್ನು ಶುಚಿಮಾಡುವುದು, ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು ತೊಳೆದಿಡುವುದು, ಸಕ್ಕರೆಯನ್ನು ಮಿತಿಯಲ್ಲಿಡುವುದು, ಮಧುಮೇಹವನ್ನು ಹತೋಟಿಯಲ್ಲಿಡುವುದು.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳಬೇಕು. ನೆದರ್ಲೆಂಡ್ಸ್ ದೇಶದಲ್ಲಿ ಇಂಥ ಕೊಳವೆಯುಳ್ಳ ಕೆಲವರು, ಮಜ್ಜಿಗೆ ಕುಡಿದರೆ ತಮ್ಮ ಕೊಳವೆ ಹೆಚ್ಚು ದಿನ ಬಾಳುತ್ತದೆಂದು ಮಾತನಾಡಿಕೊಳ್ಳುತ್ತಿದ್ದರು. ಅಲ್ಲಿಯ ಗ್ರೋನಿಂಗೆನ್ ವಿಶ್ವವಿದ್ಯಾಲಯದ ವಿದ್ವಾಂಸರು ಇದನ್ನು ಅಜ್ಜಿಯ ಮಾತೆಂದು ತಳ್ಳಿಹಾಕದೆ, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ನೋಡಿದರು. ಮಜ್ಜಿಗೆಯಿಂದಲೂ, ಹುಳಿ ಬರಿಸುವ ಕೆಲವು ಸೂಕ್ಷ್ಮಾಣುಗಳುಳ್ಳ ಹಾಲಿನ ಪಾನೀಯಗಳಿಂದಲೂ ಪೊರೆ ಕಡಿಮೆಯಾಗುವುದು ಕಂಡುಬಂದಿತು. ನಮ್ಮ ಮನೆಗಳಲ್ಲಿ ಊಟದ ಕೊನೆಗೆ ಮಜ್ಜಿಗೆ ಇದ್ದೇ ಇರುವುದು. ಇದನ್ನು ಕೇಳಿದಂದಿನಿಂದ ಅಕ್ಕ ಎರಡು ಲೋಟ ಹೆಚ್ಚಾಗಿಯೇ ಬಡಿಸುತ್ತಾಳೆ. ಆದರೆ ಮಜ್ಜಿಗೆ ಇದೆಯೆಂದು ವೈದ್ಯರ ಔಷಧವನ್ನು ಬಿಡತಕ್ಕದ್ದಲ್ಲ. ಸೋರುತ್ತಿರುವ ಕೊಳವೆಯನ್ನು ಮಜ್ಜಿಗೆ ಸರಿಮಾಡದು.

ದಿನನಿತ್ಯದ ಶುಚಿ

ಬೆಳಿಗ್ಗೆಯೂ ರಾತ್ರಿಯೂ ಊಟವಾದ ಮೇಲೂ ಕನ್ನಡಿಯ ಮುಂದೆ ಕುಳಿತು ಕುಂಚದಿಂದ ಕೊಳವೆಯನ್ನು ಶುಚಿಮಾಡುವುದು ಭಾವನವರಿಗೆ ಈಗ ಸಂಧ್ಯಾವಂದನೆಯಷ್ಟೇ ನಿಯಮವಾಗಿದೆ. “ನಮ್ಮ ಮನೆಯಲ್ಲಿಯೂ ಒಬ್ಬ ದರ್ಪಣಸುಂದರಿ ಇದ್ದಾರೆ” ಎಂದು ಅಕ್ಕ ಹಾಸ್ಯಮಾಡುವಳು. ಕುಂಚವಿಲ್ಲವೆಂದು ಪೊರಕೆಯ ಕಡ್ಡಿ, ತಲೆಪಿನ್ನು, ಹತ್ತಿ ಸುತ್ತಿದ ಕಡ್ಡಿಗಳನ್ನು ಹಾಕಕೂಡದು. ಕವಾಟ ಹರಿಯುವುದು, ಅಥವಾ ಕಡ್ಡಿ ಮುರಿದು ಒಳಗೆ ಬೀಳುವುದು. ಕೊಳವೆಗೆ ಎಣ್ಣೆ, ವ್ಯಾಸಲೀನುಗಳನ್ನು ಸವರಕೂಡದು, ರಬ್ಬರು ಕೆಡುವುದು. ಕೈಗಳನ್ನು ಸಾಬೂನಿನಿಂದ ತೊಳೆದೇ ಈ ಕೆಲಸಕ್ಕೆ ಕೂರಬೇಕು.

ಮೂಗಿನಿಂದ ಉಸಿರಾಡುವ ನಮಗೆ ಗಾಳಿಯು ಬೆಚ್ಚಗಾಗಿ, ತೇವವಾಗಿ, ಸೋಸಿ ಒಳಗೆ ಹೋಗುವುದು. ಕತ್ತಿನಿಂದ ಉಸಿರಾಡುವವರಿಗೆ ಆ ಸೌಕರ್ಯವಿಲ್ಲ. ಆದಕಾರಣ ರಂಧ್ರದ ಮೇಲೆ ತೆಳುವಾದ ಬಟ್ಟೆಯ ಮುಸುಕು, ಇಲ್ಲವೇ ಶಾಖ ತೇವಗಳನ್ನು ಹಿಡಿದಿಡುವ ಮುಚ್ಚಳ ಇರಬೇಕು. ಒಗ್ಗರಣೆಯ ಘಾಟು, ಮೆಣಸಿನಕಾಯಿ ಕುಟ್ಟುವ ಧೂಳು, ಒಲೆಯ ಹೊಗೆ, ಸಾಂಬ್ರಾಣಿಗಳು ಇವರಿಗೆ ನಮಗಿಂತ ಹೆಚ್ಚು ತೊಂದರೆ ಕೊಡುವುವು. ಸ್ನಾನದಲ್ಲಿ ನೀರನ್ನು ಎದೆಯಿಂದ ಕೆಳಗೆ ಹೊಯ್ದುಕೊಂಡು, ತಲೆಗೆ ಎರೆಯುವಾಗ ರಂಧ್ರಕ್ಕೆ ನೀರು ಬೀಳದಂತೆ ಮರೆ ಮಾಡಬೇಕು. ಯಗಚಿಯಲ್ಲಿ ಇಳಿದು ಮುಳುಗು ಹಾಕುವ ಆಸೆಯನ್ನು ಬಿಡಲೇಬೇಕು. ಮೂಗಿನಲ್ಲಿ ಗಾಳಿ ಆಡದ ಕಾರಣ ವಾಸನೆಯೂ ಸರಿಯಾಗಿ ತಿಳಿಯದು. ಅಡಿಗೆ ಅನಿಲದ ಸೋರಿಕೆಯನ್ನು ಮನೆಯ ಇತರರೇ ಗಮನಿಸಬೇಕು.

ಧ್ವನಿ ನಿಂತರೆ

ಸೋರಿಕೆಯಿಲ್ಲದೆ ಧ್ವನಿಯೇ ಹೊರಡದಿದ್ದರೆ ಮೊದಲು ಕುಂಚದಿಂದ ಶುಚಿಮಾಡಿ ನೋಡಬೇಕು. ಕೊಳವೆ ಕಟ್ಟಿಕೊಂಡಿರುವುದೇ ಅನೇಕ ವೇಳೆ ಕಾರಣ. ಆಮೇಲೆ ಬೆರಳು ರಂಧ್ರವನ್ನು ಸರಿಯಾಗಿ ಮುಚ್ಚುತ್ತಿದೆಯೇ, ಮಿತಿಮೀರಿ ಒತ್ತುತ್ತಿದೆಯೇ ಎಂದು ನೋಡಬೇಕು. ಇಷ್ಟಾದರೂ ಬಾರದಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಗಂಟಲಿನ ಸ್ನಾಯುಗಳು ಬಿಗಿಹಿಡಿಯುವುದರಿಂದಲೂ ಹೀಗಾಗುವುದುಂಟು. ಅದಕ್ಕೆ ಬೊಟುಲಿನಮ್ ಎಂಬ ಔಷಧದ ಸೂಜಿಮದ್ದಿದೆ. ಕೊಳವೆ ಮೊದಲಿಗಿಂತ ಒಳಕ್ಕೆ ಹುದುಗಿದಂತೆ ಕಂಡರೆ, ಸುತ್ತ ಕೆಂಪಾಗಿ ನೋವು, ಕೀವು ಇದ್ದರೆ, ಕೆಂಪು ಮಾಂಸ ಬೆಳೆದು ಅಂಚನ್ನು ಮುಚ್ಚುತ್ತಿದ್ದರೆ, ಎಳೆದು ಸರಿಮಾಡಲು ಹೋಗದೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ಎರಡನೆಯ ಪ್ರಸಂಗ

ನ್ಯುಮೋನಿಯಾದಿಂದ ಎದ್ದ ಮೇಲೆ ಬೆಂಗಳೂರಿನಲ್ಲಿ ಭಾವನವರ ಕೊಳವೆಯನ್ನು ಬದಲಾಯಿಸಿದರು. ಅಂದು ಅಲ್ಲಿಯ ವಾಕ್‌ಚಿಕಿತ್ಸಕರು ಮನೆಯವರಲ್ಲಿ ಒಬ್ಬರನ್ನು ಹತ್ತಿರ ಕರೆದು, “ಕೊಳವೆ ಈಚೆಗೆ ಬಂದರೆ ಏನು ಮಾಡುವಿರಿ?” ಎಂದು ಕೇಳಿದರು. ಮಗ ತಲೆ ತಗ್ಗಿಸಿದನು. ಸೊಸೆ ಮುಂದೆ ಬಂದು ಕುಳಿತಳು. ಅವಳಿಗೆ ಮೃದುವಾದ ರಬ್ಬರಿನ ನಳಿಗೆಯೊಂದನ್ನು ಕೊಟ್ಟು, ತೂತಿನಲ್ಲಿ ಅದನ್ನು ಹೇಗೆ, ಯಾವ ಓರೆಯಲ್ಲಿ, ಎಷ್ಟು ಉದ್ದ ಇಳಿಸಬೇಕೆಂಬುದನ್ನು ಕಲಿಸಿದರು. ಮೂರು ಸಲ ಅವಳ ಕೈಯಿಂದಲೇ ಮಾಡಿಸಿದ ಮೇಲೆ ಬಿಟ್ಟರು.

ಮುಂದಿನ ಆಷಾಢದಲ್ಲಿ ಜಡಿಮಳೆ ಹಿಡಿದಿದ್ದ ಒಂದು ರಾತ್ರಿ ಭಾವನವರಿಗೆ ಬಲವಾದ ಕೆಮ್ಮು ಬಂದಿತು. ದೀಪ ಹಾಕಿ ನೋಡಿದರೆ ಕೊಳವೆ ಅವರ ಅಂಗೈಯಲ್ಲಿದ್ದಿತು. ಅಕ್ಕ ಗಾಬರಿಯಿಂದ ನೀರು ತಂದಳು. ಸೊಸೆ, “ಅತ್ತೆ, ನೀರು ಕೊಡಬೇಡಿ, ಈಗ ಒಂದು ತೊಟ್ಟೂ ಬೇಡ” ಎಂದು ಲೋಟವನ್ನು ತೆಗೆದಿಟ್ಟಳು. ಬಾಗಿಲಿಲ್ಲದ ತೂತಿನಿಂದ ಕುಡಿದುದೆಲ್ಲ ನೇರವಾಗಿ ಶ್ವಾಸಕ್ಕೆ ಹೋಗುವುದೆಂಬುದು ಅವಳಿಗೆ ನೆನಪಿತ್ತು. ಕೊಳವೆ ಇಡಿಯಾಗಿದೆಯೇ, ಚೂರು ಒಳಗೆ ಉಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. “ಮಾವನವರೇ, ಹೆದರಬೇಡಿ, ಮೆಲ್ಲನೆ ಉಸಿರಾಡಿ” ಎನ್ನುತ್ತ, ತೊಳೆದಿಟ್ಟಿದ್ದ ರಬ್ಬರಿನ ನಳಿಗೆಯನ್ನು ಕಲಿತ ಕ್ರಮದಂತೆ ತೂತಿನಲ್ಲಿ ಇಳಿಸಿ, ಹೊರಗಿನ ತುದಿಗೆ ಗಂಟು ಹಾಕಿ ಚರ್ಮಕ್ಕೆ ಪಟ್ಟಿ ಅಂಟಿಸಿದಳು. ಬೆಳಗಾಗುವ ಮೊದಲೇ ಗಾಡಿ ಮಾಡಿಕೊಂಡು ಬೆಂಗಳೂರಿಗೆ ಹೊರಟರು.

ಬೇಲೂರಿನಿಂದ ಬೆಂಗಳೂರಿಗೆ 200 ಕಿಲೋಮೀಟರಿಗೂ ಮೀರಿದ ದಾರಿ. ಕೊಳವೆ ಬಿದ್ದ ತೂತು ಗಂಟೆಗಳ ಲೆಕ್ಕದಲ್ಲಿ ಕುಗ್ಗತೊಡಗುವುದು. ಒಂದೆರಡು ದಿನ ತಡವಾದರೆ ಪೂರ್ತಿಯಾಗಿ ಕೂಡಿಕೊಳ್ಳಬಹುದು. ಆಗ ಹೊಸದಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಗುವುದು. ನಳಿಗೆಯು ಆ ದಾರಿಯನ್ನು ತೆರೆದಿಟ್ಟಿದ್ದಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಕೊಳವೆ ಕುಳಿತಿತು. ಭಾವನವರು ಕತ್ತಿಗೆ ಬೆರಳಿಟ್ಟು ಮೊದಲು ಆಡಿದ ಮಾತು ಸೊಸೆಯನ್ನು ಕುರಿತು: “ನೀನು ಬೆಳಗಿನಿಂದ ಏನೂ ತಿಂದಿಲ್ಲವಲ್ಲಮ್ಮಾ.”

ಕೊಳವೆ ಬಿದ್ದು ಕೈಗೆ ಸಿಕ್ಕದಿದ್ದರೆ ಅದು ಶ್ವಾಸನಾಳಕ್ಕೆ ಇಳಿದಿರಬಹುದೆಂದೇ ತಿಳಿಯಬೇಕು. ಮುಂದಕ್ಕೆ ಬಗ್ಗಿ ಬಲವಾಗಿ ಕೆಮ್ಮಿದರೆ ಕೆಲವು ವೇಳೆ ಈಚೆಗೆ ಬರುವುದು. ಬಾರದಿದ್ದರೆ, ಉಸಿರಾಟ ಸರಿಯಾಗಿದ್ದಂತೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಬೇಕು. ಹೊಟ್ಟೆಗೆ ಇಳಿದಿದ್ದರೆ ಸಾಮಾನ್ಯವಾಗಿ ತಾನೇ ಹೊರಬೀಳುವುದು. ಆದರೆ ಎಲ್ಲಿಗೆ ಹೋಯಿತೆಂಬುದನ್ನು ಊಹೆಯಿಂದ ನಿರ್ಧರಿಸತಕ್ಕದ್ದಲ್ಲ. ಇನ್ನು ರಬ್ಬರಿನ ನಳಿಗೆಯನ್ನು ಕಲಿಯದವರು ಇಡಲು ಹೋಗಬಾರದು. ಕಲಿಯುವುದಕ್ಕೆ ಸರಿಯಾದ ಕಾಲವು ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನವೇ. ಕೊಳವೆ ಬಿದ್ದ ರಾತ್ರಿಯಲ್ಲ.

ವೆಚ್ಚದ ಮಾತು

ಕೊಳವೆಯನ್ನು ಬದಲಾಯಿಸದೆ ಸೋರಿಕೆಯೊಡನೆ ದಿನ ನೂಕುವವರು ಅನೇಕರು ದುಡ್ಡಿಗೆ ಹೆದರಿ ಹಾಗೆ ಮಾಡುತ್ತಾರೆ. ಹೊರದೇಶದ ಕೊಳವೆಗಳಿಗೆ 15,000ದಿಂದ 30,000 ರೂಪಾಯಿಗಳವರೆಗೆ ಬೆಲೆಯಿದ್ದ ಕಾಲದಲ್ಲಿ, ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾಕ್ಟರ್ ವಿಶಾಲ್ ರಾವ್ ಅವರೂ ಅವರ ಸ್ನೇಹಿತ, ಕೈಗಾರಿಕೋದ್ಯಮಿ ಶಶಾಂಕ್ ಮಹೇಶ್ ಅವರೂ ಸೇರಿ “ಓಂ” ಎಂಬ ಹೆಸರಿನ ಕೊಳವೆಯನ್ನು ರೂಪಿಸಿದರು. ಅದರ ಬೆಲೆ 50 ರೂಪಾಯಿ ಎಂಬ ವರ್ತಮಾನವು 2015–16ರಲ್ಲಿ ವೃತ್ತಪತ್ರಿಕೆಗಳಲ್ಲಿ ಪ್ರಕಟವಾಗಿ, ಬಡವರ ಮಾತಿಗೂ ಬೆಲೆಯುಂಟೆಂದು ನಾಡಿಗೆ ನಾಡೇ ಸಂತೋಷಪಟ್ಟಿತು. ಯಾವ ಕೊಳವೆ ಯಾರಿಗೆ ಹೊಂದುವುದೆಂಬುದನ್ನು ವೈದ್ಯರೇ ಅಳೆದು ಹೇಳತಕ್ಕದ್ದು. ಆದರೆ ವೆಚ್ಚದ ಕಷ್ಟವನ್ನು ಅವರ ಮುಂದೆ ಸಂಕೋಚವಿಲ್ಲದೆ ಹೇಳಿಕೊಳ್ಳಬೇಕು. ಕಡಿಮೆ ವೆಚ್ಚದ ದಾರಿಯನ್ನೂ ಅವರೇ ಬಲ್ಲರು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾತಿನ ಚಿಕಿತ್ಸೆಗಾಗಿಯೇ 1965ರಲ್ಲಿ ಸ್ಥಾಪಿತವಾದುದು.

ಗೋಡೆಯ ಮೇಲೆ ಬರೆದಿಡತಕ್ಕ ಮಾತುಗಳು

ಅಕ್ಕನ ಮನೆಯಲ್ಲಿ ಪಂಚಾಂಗ ತೂಗುವ ಮೊಳೆಗೆ ಈಗ ಒಂದು ರಟ್ಟು ತೂಗುತ್ತಿದೆ. ಸೊಸೆಯ ದುಂಡಕ್ಷರದಲ್ಲಿ ಅದರಲ್ಲಿ ಬರೆದಿರುವುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಟ್ಟಿದ್ದೇನೆ:

1. ಇವರು ಕತ್ತಿನಿಂದ ಮಾತ್ರ ಉಸಿರಾಡುತ್ತಾರೆ. ಆಮ್ಲಜನಕವನ್ನು ಕತ್ತಿಗೇ ಕೊಡಿ. ಉಸಿರು ನಿಂತರೆ ಬಾಯಿಗಲ್ಲ, ಕತ್ತಿನ ರಂಧ್ರಕ್ಕೆ ಊದಿ.

2. ಕುಡಿದಾಗ ಕೆಮ್ಮು ಬಂದರೆ ಕೊಳವೆ ನೋಡಿ. ನಡುವೆ ಸೋರಿದರೆ ಕುಂಚ, ನಿಲ್ಲದಿದ್ದರೆ ವೈದ್ಯರು. ಅಂಚಿನಲ್ಲಿ ಸೋರಿದರೆ ನೇರ ವೈದ್ಯರು.

3. ಜ್ವರ, ಏದುಸಿರು ಇದ್ದರೆ ಕಾಯಬೇಡಿ. 108ಕ್ಕೆ ಕರೆಮಾಡಿ, “ಕತ್ತಿನಿಂದ ಉಸಿರಾಡುವವರು” ಎಂದು ಮೊದಲು ಹೇಳಿ.

4. ಕೊಳವೆ ಬಿದ್ದರೆ ಏನೂ ಕುಡಿಸಬೇಡಿ, ತಿನ್ನಿಸಬೇಡಿ. ಕೊಳವೆಯನ್ನು ಹುಡುಕಿ. ಕಲಿತವರು ನಳಿಗೆ ಇಡಲಿ. ಅಂದೇ ಆಸ್ಪತ್ರೆಗೆ ಹೊರಡಿ.

5. ಕೊಳವೆಯ ಹೆಸರು, ಅಳತೆ, ಇಟ್ಟ ತಾರೀಖು, ವೈದ್ಯರ ದೂರವಾಣಿ.

ಐದನೆಯ ಸಾಲಿನ ಮುಂದೆ ಬರೆದ ತಾರೀಖನ್ನು ಪ್ರತಿಸಲವೂ ಅಳಿಸಿ ಹೊಸದನ್ನು ಬರೆಯುತ್ತಾರೆ. ಇಂಥದೇ ಒಂದು ಚೀಟಿ ಭಾವನವರ ಅಂಗಿಯ ಜೇಬಿನಲ್ಲಿಯೂ ಇರುವುದು. ದಾರಿಯಲ್ಲಿ ಏನಾದರೂ ಆದರೆ ಅಪರಿಚಿತರಿಗೆ ಅದೇ ಹೇಳಬೇಕು.

ಹೋದ ತಿಂಗಳು ನಾನು ಬೇಲೂರಿಗೆ ಹೋಗಿದ್ದಾಗ ಭಾವನವರು ಮೊಮ್ಮಗನನ್ನು ದೇವಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಒಂದು ಕೈ ಕತ್ತಿನ ಮೇಲೆ, ಇನ್ನೊಂದು ಕೈ ಹುಡುಗನ ಹೆಗಲಿನ ಮೇಲೆ. ಧ್ವನಿ ಮೊದಲಿನಂತಿಲ್ಲ, ತಗ್ಗಿನ ಒರಟು ಧ್ವನಿ, ಆಗಾಗ ಉಸಿರಿಗಾಗಿ ನಿಲ್ಲಬೇಕು. ಆದರೂ ಮದನಿಕೆಗಳ ವಿವರ ಒಂದೂ ಬಿಟ್ಟುಹೋಗಲಿಲ್ಲವೆಂದು ಹುಡುಗನು ಹಸಿದು ಬಂದು ಅಜ್ಜಿಯ ಹತ್ತಿರ ದೂರು ಹೇಳಿದನು.

ಆ ಧ್ವನಿಯನ್ನು ಕೊಟ್ಟವರು ಬೆಂಗಳೂರಿನ ವೈದ್ಯರು. ಅದು ಉಳಿಯುವುದು ಮಾತ್ರ ಮನೆಯಲ್ಲಿರುವವರ ಕಣ್ಣಿನಿಂದ, ಕೈಯಿಂದ. ಇಂಥವರು ಯಾರಾದರೂ ನಿಮ್ಮ ಬಂಧುಬಳಗದಲ್ಲಿ, ನೆರೆಹೊರೆಯಲ್ಲಿ ಇದ್ದರೆ ಈ ಪುಟವನ್ನು ಅವರ ಮನೆಯವರಿಗೆ ಓದಿ ಹೇಳಬೇಕೆಂದು ನನ್ನ ವಿಜ್ಞಾಪನೆ.